ಯಾವುದು ಮದ್ದು, ಯಾವುದು ಮಾದಕ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ‘ಕಾಶಿಯಲ್ಲಿ ಭಾಂಗ್ ಅಂಗಡಿಗೆ ಸರ್ಕಾರವೇ ಲೈಸೆನ್ಸ್ ಕೊಡುತ್ತದೆ, ನಮ್ಮಲ್ಲಿ ಗಾಂಜಾ ಸಿಕ್ಕರೆ ಜೈಲು. ಎರಡೂ ಒಂದೇ ಗಿಡವಲ್ಲವೇ?’ ಎಂದು ಒಬ್ಬರು ಕೇಳುತ್ತಾರೆ. ‘ಅಮ್ಮ ವರ್ಷಗಳಿಂದ ನಿದ್ದೆ ಮಾತ್ರೆ ನುಂಗುತ್ತಿದ್ದಾರೆ, ಅದೂ ಡ್ರಗ್ಸೇನಾ?’ ಎಂದು ಇನ್ನೊಬ್ಬರು. ದುಬೈಗೆ ಹೊರಟ ಮಗಳ ಬ್ಯಾಗಿನಲ್ಲಿ ಗಸಗಸೆ ಪೊಟ್ಟಣ ಇಡಬಹುದೇ ಎಂದು ಉಡುಪಿ ಕಡೆಯ ತಾಯಿಯೊಬ್ಬರು ಕೇಳಿದ್ದಾರೆ. ಎಲ್ಲರೂ ತಿಳಿಯಬಯಸುವುದು ಒಂದನ್ನೇ: ದಿನಾ ಪತ್ರಿಕೆಯಲ್ಲಿ ಓದುವ ‘ಮಾದಕ ದ್ರವ್ಯ’ ಎಂಬ ಮಾತಿನೊಳಗೆ ಏನೇನು ಬರುತ್ತದೆ, ಏನೇನು ಬರುವುದಿಲ್ಲ?

ಉತ್ತರ ಕಾನೂನಿನಲ್ಲಿ ಒಂದು ಥರ ಇದೆ, ವೈದ್ಯಶಾಸ್ತ್ರದಲ್ಲಿ ಇನ್ನೊಂದು ಥರ, ನಮ್ಮ ಬಾಯಿಮಾತಿನಲ್ಲಿ ಮತ್ತೊಂದು ಥರ. ಈ ಮೂರನ್ನೂ ಬೆರೆಸಿಬಿಟ್ಟಿರುವುದರಿಂದ ನಮ್ಮ ಮನೆಗಳಲ್ಲಿ ಎರಡು ಬಗೆಯ ಅನ್ಯಾಯ ನಡೆಯುತ್ತಿದೆ. ಹೆದರಬೇಕಾಗಿಲ್ಲದ್ದಕ್ಕೆ ಹೆದರಿ ನೋವು ತಿನ್ನುವವರಿದ್ದಾರೆ. ಹೆದರಲೇಬೇಕಾದದ್ದು ಕಣ್ಣೆದುರಿಗಿದ್ದರೂ ಅದಕ್ಕೆ ಆ ಹೆಸರಿಲ್ಲವೆಂದು ಸುಮ್ಮನಿರುವವರೂ ಇದ್ದಾರೆ.

ಮೊದಲು ಬಾಯಿಮಾತನ್ನೇ ನೋಡೋಣ. ಮನಸ್ಸನ್ನು ಅಲುಗಿಸುವ ವಸ್ತುಗಳ ಬಗ್ಗೆ ಮಾತಾಡಲು ಕನ್ನಡಕ್ಕೆ ಪದಗಳ ಬರವಿಲ್ಲ. ಹೆಂಡ ಅಮಲೇರಿಸುತ್ತದೆ, ಹಸಿ ಅಡಿಕೆ ಸೊಕ್ಕುತ್ತದೆ, ಔಷಧಿ ಮತ್ತು ಬರಿಸುತ್ತದೆ. ಬೇಲಿಸಾಲಿನ ಉಮ್ಮತ್ತಿ ಗಿಡದ ಹೆಸರೇ ‘ಉನ್ಮತ್ತ’ದಿಂದ ಬಂದದ್ದು, ತಿಂದವರಿಗೆ ಏನಾಗುತ್ತದೆಂದು ಹೆಸರಿನಲ್ಲೇ ಎಚ್ಚರಿಕೆ ಇದೆ. ‘ಅಮಲು’ ಅರಬ್ಬಿಯಿಂದ ಬಂದ ಮಾತು, ಕೆಲಸ ಅಥವಾ ಪರಿಣಾಮ ಎಂದು ಅದರ ಅರ್ಥ. ತಾಲ್ಲೂಕಿನ ಅಮಲ್ದಾರರೂ, ಕಾನೂನು ಅಮಲಿಗೆ ಬರುವುದೂ, ಕುಡಿದವನ ತಲೆಗೇರುವುದೂ ಅದೇ ಅಮಲು. ಇನ್ನು ‘ಮದ್ದು’ ಎಂದರೆ ಕಾಯಿಲೆಗೆ ಕೊಡುವುದೂ ಹೌದು, ಹಗೆಯಿಂದ ಊಟದಲ್ಲಿ ಹಾಕುವುದೂ ಹೌದು. ಒಂದೇ ವಸ್ತು ಕಾಪಾಡಲೂಬಹುದು, ಕೆಡಿಸಲೂಬಹುದು ಎಂಬ ತಿಳಿವಳಿಕೆ ಈ ಮಾತುಗಳಲ್ಲಿತ್ತು. ಯಾವ ವಸ್ತು, ಎಷ್ಟು, ಯಾರಿಗೆ ಎಂದು ಕೇಳಿದ ಮೇಲೆಯೇ ತೀರ್ಪು.

‘ಡ್ರಗ್ಸ್’ ಬಂದ ಮೇಲೆ ಹಾಗಿಲ್ಲ. ‘ಡ್ರಗ್ ಹೌಸ್’ ಎಂದು ಬೋರ್ಡು ಹಾಕಿದ ಮೆಡಿಕಲ್ ಸ್ಟೋರಿಗೆ ನಾವು ಧೈರ್ಯವಾಗಿ ಹೋಗುತ್ತೇವೆ. ಔಷಧಗಳ ಗುಣಮಟ್ಟ ನೋಡಿಕೊಳ್ಳುವ 1940ರ ಕಾಯ್ದೆಯ ಹೆಸರಿನಲ್ಲೂ ‘ಡ್ರಗ್ಸ್’ ಇದೆ. ಜ್ವರದ ಮಾತ್ರೆಯೂ ಅದರೊಳಗೆ ಬರುತ್ತದೆ. ಅದೇ ಪದ ಅಪರಾಧ ಸುದ್ದಿಯ ಪುಟಕ್ಕೆ ಬಂದಾಗ ಅದಕ್ಕೆ ಒಂದೇ ಮುಖ. ಗಾಂಜಾ ಸೊಪ್ಪು ಹಿಡಿದರೂ, ಹೆರಾಯಿನ್ ಹಿಡಿದರೂ, ಎಂಡಿಎಂಎ ಹಿಡಿದರೂ ‘ಡ್ರಗ್ಸ್ ಜಾಲ ಪತ್ತೆ’. ಓದಿದವರಿಗೆ ಭಯ ಹುಟ್ಟುತ್ತದೆಯೇ ಹೊರತು ತಿಳಿವಳಿಕೆ ಏನೂ ಸಿಗುವುದಿಲ್ಲ. ವಸ್ತುವಿನ ಹೆಸರನ್ನು ಶೀರ್ಷಿಕೆಯಲ್ಲೇ ಹೇಳುವ ಪದ್ಧತಿಯನ್ನು ನಮ್ಮ ಪತ್ರಿಕೆಗಳು ಬೆಳೆಸಿಕೊಳ್ಳಬೇಕೆಂದು ನಾನು ಬಹಳ ದಿನದಿಂದ ಹೇಳುತ್ತಿದ್ದೇನೆ, ಇಲ್ಲೂ ಹೇಳುತ್ತೇನೆ.

ಏಕೆಂದರೆ ಕಾನೂನು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಎನ್‌ಡಿಪಿಎಸ್ ಎಂದು ಕರೆಯುವ 1985ರ ಕಾಯ್ದೆಯಲ್ಲಿ ಎರಡು ಗುಂಪುಗಳಿವೆ. ‘ನಾರ್ಕೋಟಿಕ್’ ಗುಂಪಿನಲ್ಲಿ ಮುಖ್ಯವಾಗಿ ಮೂರು ಗಿಡಗಳು ಮತ್ತು ಅವುಗಳ ಮಕ್ಕಳು ಮೊಮ್ಮಕ್ಕಳು: ಅಫೀಮಿನ ಗಿಡ, ಕೋಕಾ ಗಿಡ, ಗಾಂಜಾ ಗಿಡ. ‘ಸೈಕೋಟ್ರಾಪಿಕ್’ ಗುಂಪಿನಲ್ಲಿ ಪಟ್ಟಿ ಮಾಡಿದ ರಾಸಾಯನಿಕಗಳಿವೆ. ಎಲ್‌ಎಸ್‌ಡಿ, ಎಂಡಿಎಂಎ ಇರುವ ಆ ಪಟ್ಟಿಯಲ್ಲೇ ಆತಂಕಕ್ಕೂ ನಿದ್ದೆಗೂ ವೈದ್ಯರು ಬರೆದುಕೊಡುವ ಆಲ್‌ಪ್ರಜೋಲಾಂ, ಡಯಾಜೆಪಾಂ ಕೂಡ ಇವೆ. ಶಿಕ್ಷೆ ನಿರ್ಧಾರವಾಗುವುದು ಪ್ರಮಾಣದ ಮೇಲೆ. ಗಾಂಜಾ 1 ಕೆ.ಜಿ.ವರೆಗೆ ‘ಸಣ್ಣ ಪ್ರಮಾಣ’, 20 ಕೆ.ಜಿ. ದಾಟಿದರೆ ‘ವಾಣಿಜ್ಯ ಪ್ರಮಾಣ’. ಹೆರಾಯಿನ್‌ಗೆ ಈ ಅಂಕಿಗಳು 5 ಗ್ರಾಂ ಮತ್ತು 250 ಗ್ರಾಂ, ಎಂಡಿಎಂಎಗೆ ಅರ್ಧ ಗ್ರಾಂ ಮತ್ತು 10 ಗ್ರಾಂ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10 ವರ್ಷ ಜೈಲು. ಸಣ್ಣ ಪ್ರಮಾಣಕ್ಕೆ ಗರಿಷ್ಠ 1 ವರ್ಷ, ಇಲ್ಲವೇ ದಂಡ, ಇಲ್ಲವೇ ಎರಡೂ. ಶೀರ್ಷಿಕೆಯಲ್ಲಿ ಎಲ್ಲವೂ ‘ಡ್ರಗ್ಸ್’ ಆಗಿರುವಾಗ ಕಾಯ್ದೆಯ ಒಳಗೆ ಇಷ್ಟು ಅಂತರವಿದೆ.

ಹಾಗೆಂದು ಕಾನೂನಿನ ವಿಂಗಡಣೆ ವೈದ್ಯರ ವಿಂಗಡಣೆಯೊಂದಿಗೆ ಹೊಂದುತ್ತದೆಯೇ ಎಂದರೆ ಅದೂ ಇಲ್ಲ. ನಾರ್ಕೋಟಿಕ್ ಎಂಬುದು ಜೋಮು ಹಿಡಿಯುವುದು ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ನೋವು ಮರೆಸಿ ನಿದ್ದೆಗೆ ಜಾರಿಸುವ ಅಫೀಮಿಗೆ, ಅದರ ಕುಲದ ಮಾರ್ಫಿನ್, ಹೆರಾಯಿನ್‌ಗೆ ಈ ಹೆಸರು ಸರಿಹೊಂದುತ್ತದೆ. ಕೊಕೇನ್ ಮಾಡುವುದು ತದ್ವಿರುದ್ಧ. ಅದು ನಿದ್ದೆ ಓಡಿಸುತ್ತದೆ, ಎದೆಬಡಿತ ಏರಿಸುತ್ತದೆ. ಆದರೂ ಕಾಯ್ದೆಯ ಮಟ್ಟಿಗೆ ಅದು ನಾರ್ಕೋಟಿಕ್. 1961ರ ಅಂತರರಾಷ್ಟ್ರೀಯ ಒಪ್ಪಂದ ಈ ಮೂರು ಗಿಡಗಳನ್ನು ಒಂದೇ ಹಗ್ಗದಲ್ಲಿ ಕಟ್ಟಿತ್ತು, ನಮ್ಮ ಕಾಯ್ದೆ ಆ ಕಟ್ಟನ್ನು ಹಾಗೆಯೇ ಎತ್ತಿಕೊಂಡಿತು.

ಭಾಂಗ್ ಪ್ರಶ್ನೆಗೆ ಉತ್ತರವಿರುವುದೂ ಆ ಒಪ್ಪಂದದಲ್ಲೇ. ಅದರಲ್ಲಿ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿಯ ಜೊತೆಗಿಲ್ಲದ ಬರೀ ಎಲೆ ಮತ್ತು ಬೀಜ ಲೆಕ್ಕಕ್ಕಿಲ್ಲ. 1985ರ ಕಾಯ್ದೆಯ ಅರ್ಥವಿವರಣೆಯೂ ಇದೇ. ಗಿಡದ ಅಂಟಿನಿಂದ ಚರಸ್, ಹೂವಿನ ತುದಿಯಿಂದ ಗಾಂಜಾ, ಎಲೆ ಅರೆದು ಮಾಡುವುದು ಭಾಂಗ್. ಮೊದಲ ಎರಡು ಕೇಂದ್ರ ಕಾಯ್ದೆಯೊಳಗೆ, ಮೂರನೆಯದು ಹೊರಗೆ. ಎಲೆಯನ್ನು ಏನು ಮಾಡಬೇಕೆಂದು ರಾಜ್ಯಗಳು ತಮ್ಮ ಅಬಕಾರಿ ಕಾನೂನಿನಲ್ಲಿ ತೀರ್ಮಾನಿಸಿಕೊಳ್ಳುತ್ತವೆ. ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಲೈಸೆನ್ಸ್ ಅಂಗಡಿಗಳಿರುವುದು ಹೀಗೆ. 2022ರಲ್ಲಿ ನಮ್ಮ ಹೈಕೋರ್ಟ್ ಮುಂದೆಯೂ ಇಂಥ ಪ್ರಕರಣ ಬಂತು. ಬೆಂಗಳೂರಿನಲ್ಲಿ 29 ಕೆ.ಜಿ. ಭಾಂಗ್‌ನೊಂದಿಗೆ ಸಿಕ್ಕಿಬಿದ್ದವನಿಗೆ ಜಾಮೀನು ನೀಡುವಾಗ ನ್ಯಾಯಾಲಯ, ಎನ್‌ಡಿಪಿಎಸ್ ಕಾಯ್ದೆಯಲ್ಲಿ ಭಾಂಗ್‌ಗೆ ನಿಷೇಧವಿಲ್ಲ ಎಂಬುದನ್ನು ಗಮನಿಸಿತು. ಇದನ್ನು ಓದಿ ಇಲ್ಲೂ ಭಾಂಗ್ ಮಾರಬಹುದೆಂದು ಯಾರೂ ತಿಳಿಯಬಾರದು. ಅದು ಒಂದು ಜಾಮೀನು ಆದೇಶ, ರಾಜ್ಯದ ಅಬಕಾರಿ ಕಾನೂನು ಬೇರೆಯೇ ಇದೆ.

ಎಲೆಗೆ ಈ ರಿಯಾಯಿತಿ ಸಿಕ್ಕಿದ್ದರ ಹಿಂದೆ ನಮ್ಮ ದೇಶದ ರೂಢಿ ಇದೆ. 1893ರಲ್ಲಿ ಬ್ರಿಟಿಷ್ ಸರ್ಕಾರ ಇಲ್ಲಿನ ಭಾಂಗ್, ಗಾಂಜಾ, ಚರಸ್ ಬಳಕೆಯ ಬಗ್ಗೆ ಆಯೋಗವೊಂದನ್ನು ನೇಮಿಸಿತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿದ ಆ ಆಯೋಗ ಮಿತಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದರೆ ಹಾನಿ, ಪೂರ್ತಿ ನಿಷೇಧ ಬೇಡ, ಲೈಸೆನ್ಸ್ ಮತ್ತು ತೆರಿಗೆಯಿಂದ ಹತೋಟಿಯಲ್ಲಿಡಿ ಎಂದಿತು. ಶಿವರಾತ್ರಿ, ಹೋಳಿಯ ಭಾಂಗ್ ಸಾಧು ಸಂತರಿಗಷ್ಟೇ ಸೇರಿದ್ದಲ್ಲ, ಅದು ಗೃಹಸ್ಥರ ಮನೆಯ ಆಚರಣೆ ಎಂಬುದು ಆಯೋಗಕ್ಕೆ ಕಂಡಿತ್ತು. ನಮ್ಮ ಕಲ್ಯಾಣ ಕರ್ನಾಟಕದ ಕೆಲವು ಆರೂಢ, ಅವಧೂತ ಪರಂಪರೆಗಳಲ್ಲೂ ಭಂಗಿ ಸೇದುವ ರೂಢಿ ಹಿಂದಿನಿಂದ ಇದೆ. ರೂಢಿ ಇದೆಯೆಂಬ ಮಾತ್ರಕ್ಕೆ ಅಪಾಯ ಇಲ್ಲವೆಂದಲ್ಲ. ಮಿದುಳು ಇನ್ನೂ ಬೆಳೆಯುತ್ತಿರುವ ಹದಿಹರೆಯದಲ್ಲಿ ಗಾಂಜಾ ಸೇದತೊಡಗಿದವರಲ್ಲಿ ಕೆಲವರಿಗೆ ತೀವ್ರ ಮಾನಸಿಕ ಕಾಯಿಲೆ ಕೆರಳುವುದನ್ನು ಮನೋವೈದ್ಯರು ಕಾಣುತ್ತಲೇ ಇದ್ದಾರೆ. ಇದನ್ನು ಮಕ್ಕಳಿಗೆ ಇದ್ದಹಾಗೆ ಹೇಳಬೇಕು. ‘ಎಲ್ಲ ಡ್ರಗ್ಸೂ ಒಂದೇ’ ಎಂದು ಹೆದರಿಸಿದರೆ, ಗಾಂಜಾ ಒಮ್ಮೆ ಸೇದಿ ಏನೂ ಆಗದೆ ಹೋದ ಹುಡುಗ ಹೆರಾಯಿನ್ ಬಗ್ಗೆ ನಾವು ಹೇಳಿದ್ದನ್ನೂ ನಂಬುವುದಿಲ್ಲ.

ಗಸಗಸೆಯ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹಬ್ಬದ ಪಾಯಸಕ್ಕೆ ರುಬ್ಬುವ ಗಸಗಸೆ ಅಫೀಮಿನ ಗಿಡದ ಬೀಜವೇ. ಬೀಜದಲ್ಲಿ ಅಮಲಿನ ಅಂಶ ಹೇಳಿಕೊಳ್ಳುವಷ್ಟಿರುವುದಿಲ್ಲ. ಅಮಲಿರುವುದು ಹಸಿಕಾಯಿಯನ್ನು ಗೀರಿದಾಗ ಒಸರುವ ಹಾಲಿನಲ್ಲಿ. ನಮ್ಮ ದೇಶದಲ್ಲಿ ಗಸಗಸೆ ದಿನಸಿ ಸಾಮಾನು. ಯುಎಇ, ಸಿಂಗಪುರದಂಥ ದೇಶಗಳಲ್ಲಿ ಹಾಗಲ್ಲ, ಬ್ಯಾಗಿನಲ್ಲಿ ಸಿಕ್ಕರೆ ಮಾದಕ ವಸ್ತು ಸಾಗಿಸಿದ ಆರೋಪ ಬರಬಹುದು. ಆ ಪೊಟ್ಟಣವನ್ನು ದಯವಿಟ್ಟು ಮನೆಯಲ್ಲೇ ಬಿಟ್ಟು ಕಳಿಸಿ ತಾಯಿ.

ಈಗ ನನ್ನ ಮನಸ್ಸಿಗೆ ಹತ್ತಿರವಾದ ಮಾತಿಗೆ ಬರುತ್ತೇನೆ. ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಬಂದು ಬೆನ್ನುಮೂಳೆಗೆ ಹರಡಿತ್ತು. ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸುವಾಗ ಮಾರ್ಫಿನ್ ಮಾತ್ರೆ ಬರೆದುಕೊಟ್ಟರು. ಮನೆಯ ಹಿರಿಯರಾದ ದೊಡ್ಡಪ್ಪ ಆ ಮಾತ್ರೆಗಳನ್ನು ತೆಗೆದು ಬೀರುವಿನಲ್ಲಿಟ್ಟರು. ‘ಡಾಕ್ಟ್ರು ಬರೆದ್ರೆ ಆಯ್ತೇನೋ? ಪೇಪರಿನಲ್ಲಿ ಬರುತ್ತಲ್ಲ, ಅದೇ ಡ್ರಗ್ಸ್ ಇದು. ಹೋಗೋ ಕಾಲದಲ್ಲಿ ಅವಳನ್ನ ಚಟಕ್ಕೆ ಬೀಳಿಸೋದು ಬೇಡ’ ಎಂದರು. ಪ್ರೀತಿಯಿಂದಲೇ ಹೇಳಿದ ಮಾತು ಅದು. ಚಿಕ್ಕಮ್ಮ ರಾತ್ರಿ ಸೆರಗನ್ನು ಬಾಯಿಗೆ ತುರುಕಿಕೊಂಡು ನರಳುತ್ತಿದ್ದರು. ಪಕ್ಕಕ್ಕೆ ಹೊರಳಿಸಲು ಕೈ ಹಾಕಿದರೆ ಇಡೀ ಮೈ ಸೆಟೆದುಕೊಳ್ಳುತ್ತಿತ್ತು.

ಆ ವಾರದ ಕೊನೆಗೆ ಮನೆಗೇ ಬಂದು ಆರೈಕೆ ಮಾಡುವ ಸಂಸ್ಥೆಯೊಂದರ ನರ್ಸ್ ಬಂದರು. ಕೇರಳದವರು, ಕನ್ನಡ ಚೆನ್ನಾಗಿಯೇ ಆಡುತ್ತಿದ್ದರು. ದೊಡ್ಡಪ್ಪನ ಎದುರು ನೆಲದ ಮೇಲೆ ಕುಳಿತು ಒಂದು ಹಾಳೆಯಲ್ಲಿ ಗಂಟೆಗಳನ್ನು ಬರೆದರು: ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತಕ್ಕೆ ಎರಡರಷ್ಟು. ‘ನೋವು ಬಂದ ಮೇಲೆ ಕೊಡೋದಲ್ಲ ಯಜಮಾನ್ರೇ, ನೋವು ಬರೋದಕ್ಕೆ ಮುಂಚೆ ಗಡಿಯಾರ ನೋಡಿ ಕೊಡೋದು. ಇವರು ಇದನ್ನ ಮಜಕ್ಕೆ ತಗೊಳ್ತಿಲ್ಲ. ನೀವು ಹೆದರೋದಾದ್ರೆ ಮಲಬದ್ಧತೆಗೆ ಹೆದರಿ, ಅದು ಖಂಡಿತ ಆಗುತ್ತೆ. ಅದಕ್ಕೇ ಈ ಸಿರಪ್ಪು ಜೊತೆಗೇ ಕೊಡಬೇಕು’ ಎಂದರು. ದೊಡ್ಡಪ್ಪ ಏನೂ ಮಾತಾಡದೆ ಎದ್ದು ಬೀರು ತೆಗೆದರು. ಎರಡು ದಿನ ಕಳೆದ ಮೇಲೆ ಚಿಕ್ಕಮ್ಮ ದಿಂಬಿಗೆ ಒರಗಿ ಕುಳಿತು ಮೊಸರನ್ನ ತಿಂದರು, ಸೊಸೆಯ ಕೈಲಿ ತಲೆ ಬಾಚಿಸಿಕೊಂಡರು. ಆಮೇಲೆ ಬದುಕಿದ್ದ ಕೆಲವು ತಿಂಗಳಲ್ಲಿ ಅವರಿಗೆ ಚಟ ಹತ್ತಲಿಲ್ಲ, ನಿದ್ದೆ ಹತ್ತಿತು.

ಆ ನರ್ಸ್ ಹೇಳಿದ್ದರಲ್ಲಿ ವೈದ್ಯಕೀಯವಾಗಿ ಮುಖ್ಯವಾದ ಭೇದವೊಂದಿದೆ. ಮೈಗೆ ಒಗ್ಗುವುದು ಬೇರೆ, ಚಟ ಬೇರೆ. ಮಾರ್ಫಿನ್ ಕೆಲವು ವಾರ ತೆಗೆದುಕೊಂಡರೆ ಯಾರ ಮೈಯಾದರೂ ಒಗ್ಗಿಕೊಳ್ಳುತ್ತದೆ, ಥಟ್ಟನೆ ನಿಲ್ಲಿಸಿದರೆ ಬೆವರು, ನಡುಕ, ಹೊಟ್ಟೆನುಲಿತ ಬರುತ್ತದೆ. ಆದ್ದರಿಂದ ನಿಲ್ಲಿಸಬೇಕಾದರೆ ಹಂತ ಹಂತವಾಗಿ ಇಳಿಸುತ್ತಾರೆ. ಚಟ ಎಂದರೆ ಬದುಕು ಹಾಳಾಗುತ್ತಿದ್ದರೂ ಬಿಡಲಾಗದೆ ಅದರ ಹಿಂದೆಯೇ ಓಡುವುದು. ವೈದ್ಯರ ಉಸ್ತುವಾರಿಯಲ್ಲಿ ಕ್ಯಾನ್ಸರ್ ನೋವಿಗೆ ಮಾರ್ಫಿನ್ ಪಡೆಯುವವರಲ್ಲಿ ಇದು ಅಪರೂಪ.

ನಮ್ಮ ದೊಡ್ಡಪ್ಪನ ಭಯವನ್ನೇ ಒಂದು ಕಾಲಕ್ಕೆ ಇಡೀ ದೇಶದ ಆಡಳಿತ ಪಟ್ಟಿತ್ತು. 1985ರ ಕಾಯ್ದೆ ಬಂದ ಮೇಲೆ ಆಸ್ಪತ್ರೆಯೊಂದು ಮಾರ್ಫಿನ್ ತರಿಸಬೇಕಾದರೆ ಹಲವು ಇಲಾಖೆಗಳಿಂದ ಹಲವು ಲೈಸೆನ್ಸ್ ಪಡೆಯಬೇಕಿತ್ತು, ಒಂದರ ಅವಧಿ ಮುಗಿದರೆ ಉಳಿದವೂ ನಿಷ್ಪ್ರಯೋಜಕ. ಲೆಕ್ಕದಲ್ಲಿ ತಪ್ಪಿದರೆ ಜೈಲು ಎಂಬ ಅಂಜಿಕೆಯಿಂದ ಆಸ್ಪತ್ರೆಗಳೂ ಔಷಧ ಅಂಗಡಿಗಳೂ ಅದನ್ನು ಇಡುವುದನ್ನೇ ಬಿಟ್ಟವು. 1997ರ ಹೊತ್ತಿಗೆ ದೇಶದಲ್ಲಿ ಮಾರ್ಫಿನ್‌ನ ವೈದ್ಯಕೀಯ ಬಳಕೆ ಶೇ 90ಕ್ಕಿಂತ ಹೆಚ್ಚು ಕುಸಿದಿತ್ತು. ಇತ್ತ ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಲೈಸೆನ್ಸ್ ಪಡೆದ ರೈತರು ಅಫೀಮು ಬೆಳೆಯುತ್ತಲೇ ಇದ್ದರು, ಗಾಜಿಪುರ ಮತ್ತು ನೀಮಚ್‌ನ ಸರ್ಕಾರಿ ಕಾರ್ಖಾನೆಗಳು ಅದನ್ನು ಸಂಸ್ಕರಿಸುತ್ತಿದ್ದವು, ಹೊರದೇಶಗಳ ಔಷಧ ಕಂಪನಿಗಳಿಗೆ ಅದು ರಫ್ತಾಗುತ್ತಿತ್ತು. ಜಗತ್ತಿನ ನೋವಿಗೆ ಮದ್ದು ಕಳಿಸುವ ನೆಲದಲ್ಲಿ ನಮ್ಮ ರೋಗಿಗಳು ನರಳಿದರು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥ ವೈದ್ಯರು ವರ್ಷಗಟ್ಟಲೆ ಬೆನ್ನುಹತ್ತಿದ ಮೇಲೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಮಾರ್ಫಿನ್ ಸೇರಿ ಕೆಲವನ್ನು ‘ಅತ್ಯಗತ್ಯ ನಾರ್ಕೋಟಿಕ್ ಔಷಧ’ ಎಂದು ಬೇರೆ ಮಾಡಿ, ಹಲವು ಲೈಸೆನ್ಸ್‌ಗಳ ಬದಲು ಒಂದೇ ಸಾಕು ಎನ್ನಲಾಯಿತು. ಕಾಯ್ದೆಯಿಂದ ಭಯ ಹೋಯಿತು. ಮನೆಗಳಿಂದ ಇನ್ನೂ ಹೋಗಿಲ್ಲ.

ಇದಿಷ್ಟು ಮಾತಿನ ಒಳಗೆ ಎಳೆದುಹಾಕಿದ್ದರಿಂದ ಆದ ಅನ್ಯಾಯ. ಹೊರಗೆ ಬಿಟ್ಟದ್ದರಿಂದ ಆಗುತ್ತಿರುವುದು ಸಣ್ಣದೇನಲ್ಲ. ಸಂವಿಧಾನದ 47ನೇ ವಿಧಿ ಅಮಲಿನ ಪಾನೀಯಗಳನ್ನೂ ಆರೋಗ್ಯಕ್ಕೆ ಹಾನಿಕರವಾದ ಡ್ರಗ್ಸನ್ನೂ ಒಂದೇ ವಾಕ್ಯದಲ್ಲಿ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಸ್ಥಿತಿಗಳನ್ನು ಜೊತೆಜೊತೆಗೇ ಮಾನಸಿಕ ಕಾಯಿಲೆಯ ಅರ್ಥದಲ್ಲಿ ಸೇರಿಸಿದೆ. ನಮ್ಮ ಮಾತಿನಲ್ಲಿ ಮಾತ್ರ ‘ಸ್ವಲ್ಪ ಡ್ರಿಂಕ್ಸ್ ತಗೋತಾನೆ ಅಷ್ಟೇ, ಡ್ರಗ್ಸ್ ಗಿಗ್ಸ್ ಏನಿಲ್ಲ’ ಎಂದು ಹೆಣ್ಣು ಕೊಡುವವರಿಗೆ ಭರವಸೆ ಹೇಳುತ್ತೇವೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನವರಲ್ಲಿ ಶೇ 14.6ರಷ್ಟು, ಅಂದರೆ ಸುಮಾರು 16 ಕೋಟಿ ಜನ ಮದ್ಯ ಕುಡಿಯುತ್ತಾರೆ. ಭಾಂಗ್, ಗಾಂಜಾ, ಚರಸ್ ಎಲ್ಲ ಸೇರಿಸಿದರೂ ಸುಮಾರು 3.1 ಕೋಟಿ. ಸಾರಾಯಿ ನಿಷೇಧಕ್ಕಾಗಿ ಈ ರಾಜ್ಯದ ಹಳ್ಳಿ ಹೆಂಗಸರು ಬೀದಿಗಿಳಿದದ್ದು, 2007ರಲ್ಲಿ ಆ ನಿಷೇಧ ಬಂದದ್ದು ಸುಮ್ಮನೆ ಅಲ್ಲ. ಯಾವುದು ತಮ್ಮ ಮನೆ ಮುರಿಯುತ್ತಿದೆ ಎಂದು ಅವರಿಗೆ ಯಾವ ಕಾಯ್ದೆಯ ಪಟ್ಟಿಯೂ ಹೇಳಿಕೊಡಬೇಕಾಗಿರಲಿಲ್ಲ.

ಅದೇ ಸಮೀಕ್ಷೆಯಲ್ಲಿ ನನ್ನನ್ನು ಹೆಚ್ಚು ಕಾಡಿದ ಸಾಲು ಬೇರೆ. ವೈಟ್ನರ್, ಥಿನ್ನರ್, ಪಂಕ್ಚರ್ ಸಲ್ಯೂಷನ್‌ನಂಥವನ್ನು ಮೂಸುವುದು ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು, ದೊಡ್ಡವರಲ್ಲಿ ಶೇ 0.58 ಇದ್ದರೆ ಮಕ್ಕಳಲ್ಲಿ ಶೇ 1.17. ಹೀಗೆ ಮಕ್ಕಳು ದೊಡ್ಡವರನ್ನು ಮೀರಿಸಿರುವುದು ಈ ಒಂದು ಬಗೆಯಲ್ಲಿ ಮಾತ್ರ. ರೈಲ್ವೆ ನಿಲ್ದಾಣದ ಬದಿಯಲ್ಲಿ ಕರವಸ್ತ್ರ ಮೂಗಿಗೆ ಒತ್ತಿಕೊಂಡು ಕುಳಿತ ಹುಡುಗನನ್ನು ನೀವೂ ನೋಡಿರುತ್ತೀರಿ. ಅವನ ಕೈಯಲ್ಲಿರುವುದು ಸ್ಟೇಷನರಿ ಅಂಗಡಿಯಲ್ಲೋ ಸೈಕಲ್ ಶಾಪಿನಲ್ಲೋ ಸಿಗುವ ಸಾಮಾನು. ಎನ್‌ಡಿಪಿಎಸ್ ಪಟ್ಟಿಯಲ್ಲಿ ಅದಿಲ್ಲ, ಆದ್ದರಿಂದ ಅವನ ಬಗ್ಗೆ ‘ಜಾಲ ಪತ್ತೆ’ ಎಂಬ ಸುದ್ದಿಯೂ ಇಲ್ಲ. ಅವನ ಮಿದುಳು ಮಾತ್ರ ದಿನಾ ಸವೆಯುತ್ತಿರುತ್ತದೆ.

ನಿದ್ದೆ ಮಾತ್ರೆಯ ವಿಷಯ ಕೇಳಿದವರು ಒಮ್ಮೆ ಆ ಮಾತ್ರೆ ಹಾಳೆಯನ್ನು ತಿರುಗಿಸಿ ನೋಡಲಿ. ಮಾಮೂಲಿ ಚೀಟಿ ಔಷಧದ ಮೇಲೆ ‘ಆರ್‌ಎಕ್ಸ್’ ಎಂಬ ಗುರುತಿರುತ್ತದೆ. ಎನ್‌ಡಿಪಿಎಸ್ ಪಟ್ಟಿಯ ಔಷಧವಾದರೆ ಕೆಂಪಕ್ಷರದಲ್ಲಿ ‘ಎನ್ಆರ್‌ಎಕ್ಸ್’ ಎಂದಿರುತ್ತದೆ. ಹಾಗಿದ್ದರೆ ಅಮ್ಮ ಅಪರಾಧಿ ಎಂದಲ್ಲ. ಚೀಟಿ ಇರುವವರೆಗೆ ಅದು ಔಷಧವೇ. ಆದರೆ ಹಳೆಯ ಚೀಟಿಯನ್ನೇ ವರ್ಷಗಟ್ಟಲೆ ತೋರಿಸಿ ತರುತ್ತಿದ್ದರೆ ಅವರ ಮೈ ಅದಕ್ಕೆ ಒಗ್ಗಿಹೋಗಿರುತ್ತದೆ, ವಯಸ್ಸಾದವರು ಮಂಪರಿನಲ್ಲಿ ಬಿದ್ದು ಮೂಳೆ ಮುರಿದುಕೊಳ್ಳುವ ಅಪಾಯವೂ ಇದೆ. ‘ಡ್ರಗ್ಸ್’ ಎಂದು ಗಾಬರಿಯಾಗಿ ಮಾತ್ರೆ ಕಿತ್ತುಕೊಳ್ಳಬೇಡಿ. ಈ ಬಗೆಯ ಮಾತ್ರೆ ಥಟ್ಟನೆ ನಿಂತರೆ ಫಿಟ್ಸ್ ಬರಬಹುದು. ವೈದ್ಯರ ಬಳಿ ಕರೆದೊಯ್ದು ನಿಧಾನವಾಗಿ ಇಳಿಸುವ ದಾರಿ ಕೇಳಿ.

ಪತ್ರ ಬರೆದು ಕಳಿಸಿದವರ ಹೆಸರಿಲ್ಲದ ಒಂದು ಲಕೋಟೆಯೂ ಇತ್ತು. ಮಗ ಏನೋ ಸೇವಿಸುತ್ತಾನೆಂದು ಗೊತ್ತಾಗಿದೆ, ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಾಗುತ್ತದೆಂದು ಮನೆಯವರೆಲ್ಲ ಬಾಯಿ ಮುಚ್ಚಿಕೊಂಡಿದ್ದಾರೆ. ಅವರಿಗೆ ಹೇಳಬೇಕಾದದ್ದು ಇದು. ಚಿಕಿತ್ಸೆಗೆ ಬಂದವರನ್ನು ಹಿಡಿದುಕೊಡುವುದು ವೈದ್ಯರ ಕೆಲಸವಲ್ಲ, ರೋಗಿಯ ಗುಟ್ಟು ಕಾಯುವುದು ಅವರ ಧರ್ಮ. ಸೇವನೆಗಾಗಿ ಅಥವಾ ಸಣ್ಣ ಪ್ರಮಾಣ ಇಟ್ಟುಕೊಂಡದ್ದಕ್ಕಾಗಿ ಆಗಲೇ ಕೇಸಾಗಿದ್ದರೂ, ಚಟಕ್ಕೆ ಬಿದ್ದವನು ತಾನಾಗಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಅವನನ್ನು ಶಿಕ್ಷೆಯಿಂದ ಕಾಯುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು ಅಷ್ಟೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಅಷ್ಟು ದೂರ ಬರಲಾಗದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಂದ ಶುರು ಮಾಡಬಹುದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14446. ವೈದ್ಯರ ಮುಂದೆ ಕುಳಿತಾಗ ‘ಡ್ರಗ್ಸ್ ತಗೋತಾನೆ’ ಎಂದು ನಿಲ್ಲಿಸಬೇಡಿ. ಯಾವುದು, ಎಷ್ಟು ದಿನದಿಂದ, ಸೇದುತ್ತಾನೋ ನುಂಗುತ್ತಾನೋ ಸೂಜಿ ಹಾಕಿಕೊಳ್ಳುತ್ತಾನೋ, ಕೊನೆಯ ಸಲ ತಗೊಂಡದ್ದು ಯಾವಾಗ, ಗೊತ್ತಿರುವಷ್ಟನ್ನೂ ಹೇಳಿ. ಚಿಕಿತ್ಸೆ ಅಲ್ಲಿಂದ ಶುರುವಾಗುತ್ತದೆ.